ಸ್ಟೆರಾಯ್ಡ್ ಗುಳಿಗೆ, ಸ್ಕ್ಯಾನಿನ ಮದ್ದು ಮತ್ತು ನಮ್ಮ ಊಟ
(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ನುಡಿಯ ವಿಚಾರವನ್ನೂ ಗಡಿಯ ವಿಚಾರವನ್ನೂ ಕೇಳಿ ಬಲ್ಲ ತಮಗೆ ಮದ್ದಿನ ಮಾತು ಸಪ್ಪೆಯೆನಿಸೀತು. ಆದರೆ ಕಾಸರಗೋಡಿನ ನಮ್ಮ ಮನೆಗಳಲ್ಲಿ ಉಬ್ಬಸಕ್ಕೋ ಗಂಟುನೋವಿಗೋ ಸ್ಟೆರಾಯ್ಡ್ ಗುಳಿಗೆ ನುಂಗುವ ಹಿರಿಯರುಂಟು. ಸ್ಕ್ಯಾನಿಗೆಂದು ಮಂಗಳೂರಿನ ಹಾದಿ ಹಿಡಿಯುವವರೂ ಅವರೇ. ಚೀಟಿ ಇಂಗ್ಲಿಷಿನಲ್ಲಿ, ಕನ್ನಡವೊಂದನ್ನೇ ಓದಬಲ್ಲ ತಾಯಿಗೆ ಅದನ್ನು ಬಿಡಿಸಿ ಹೇಳುವವರಾರು? ಆದಕಾರಣ ಈ ಮಾತನ್ನು ಆಯ್ದುಕೊಂಡಿದ್ದೇವೆ.

೧೯೪೮ರಲ್ಲಿ ಅಮೆರಿಕೆಯ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮತ್ತು ಸಂಗಡಿಗರು ಸಂಧಿವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟರು. ೧೯೫೦ರಲ್ಲಿ ಹೆಂಚ್, ಕೆಂಡಾಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಹುಮಾನ ಸಂದಿತು. ಇದೇ ಜಾತಿಯ ರಸವನ್ನು ಮೂತ್ರಪಿಂಡಗಳ ಮೇಲಿನ ಗ್ರಂಥಿಗಳು ತಾವಾಗಿಯೇ ಸ್ರವಿಸುತ್ತವೆ. ಹೊರಗಿನಿಂದ ವಾರಗಟ್ಟಲೆ ಬಂದರೆ ಅವು ಕೆಲಸ ಮರೆಯುತ್ತವೆ. ಗುಣವಾಯಿತೆಂದು ಗುಳಿಗೆಯನ್ನು ಥಟ್ಟನೆ ನಿಲ್ಲಿಸುವುದು ಪ್ರಾಣಾಪಾಯಕ್ಕೂ ಎಡೆಗೊಡುವುದು ಇದರಿಂದಲೇ.

ಪ್ರೆಡ್ನಿಸೋಲೋನ್ ಗುಳಿಗೆಯನ್ನು ಊಟದ ಮೇಲೆ ಕೊಡುವುದು ರೂಢಿ. ಅದು ರಕ್ತದ ಸಕ್ಕರೆಯನ್ನೇರಿಸುತ್ತದೆ, ಉಪ್ಪನ್ನೂ ನೀರನ್ನೂ ಮೈಯಲ್ಲಿ ತಡೆಹಿಡಿಯುತ್ತದೆ, ಎಲುಬನ್ನು ಸವೆಸುತ್ತದೆ. ಆ ದಿನಗಳಲ್ಲಿ ಪಾಯಸ, ಹಪ್ಪಳ, ಉಪ್ಪಿನಕಾಯಿ, ಒಣಮೀನುಗಳಿಗೆ ಕೈ ಹಿಂತೆಗೆಯತಕ್ಕದ್ದು. ಕೆಮ್ಮಿನ ಕಷಾಯಕ್ಕೆ ಹಾಕುವ ಜ್ಯೇಷ್ಠಮಧುವಿನ ಮೇಲೆ ಯಾರಿಗೂ ಸಂಶಯವಿಲ್ಲ. ಆದರೆ ಅದು ಸ್ಟೆರಾಯ್ಡ್ ಮೈಯಲ್ಲಿ ಕರಗಿಹೋಗುವ ಕ್ರಮಕ್ಕೆ ಅಡ್ಡ ಬರುತ್ತದೆ. ದಿನವೂ ಕುಡಿದರೆ ಪೊಟ್ಯಾಸಿಯಂ ಕುಸಿದು ರಕ್ತದೊತ್ತಡ ಏರುವ ಭಯವುಂಟು.

ಇನ್ನು ಸ್ಕ್ಯಾನು. ಸಿ.ಟಿ. ಸ್ಕ್ಯಾನಿಗೆ ನರದೊಳಕ್ಕೆ ಬಿಡುವ ಮದ್ದಿನಲ್ಲಿ ಅಯೋಡಿನ್ ಇರುತ್ತದೆ. ಸಿಗಡಿ ಒಗ್ಗದವರಿಗೆ ಇದೂ ಒಗ್ಗದೆಂಬ ನಂಬಿಕೆ ನಮ್ಮ ಕರಾವಳಿಯಲ್ಲಿ ಬಲವಾಗಿ ಬೇರೂರಿದೆ. ಇದು ಸರಿಯಲ್ಲ. ಸಿಗಡಿಯಲ್ಲಿ ಒಗ್ಗದಿರುವುದು ಅದರ ಪ್ರೋಟೀನು, ಅಯೋಡಿನ್ ಅಲ್ಲ. ಮೀನಿನ ಹೆಸರಿನಲ್ಲಿ ಬೇಕಾದ ಪರೀಕ್ಷೆಯನ್ನು ಬಿಡುವುದು ರೋಗಕ್ಕೆ ಮಾಡುವ ಉಪಕಾರವೇ ಸರಿ! ಹಿಂದೆ ಇದೇ ಮದ್ದಿನಿಂದ ಮೈ ದದ್ದೆದ್ದವರ ಅಥವಾ ಉಸಿರು ಕಟ್ಟಿದವರ ಮಾತು ಬೇರೆ. ಅದನ್ನು ಮುಂಚಿತವಾಗಿ ತಿಳಿಸಲೇಬೇಕು. ಅಂಥವರಿಗೆ ಸ್ಟೆರಾಯ್ಡೇ ರಕ್ಷಕ: ಒಂದು ಪದ್ಧತಿಯಲ್ಲಿ ಸ್ಕ್ಯಾನಿಗೆ ೧೩, ೭ ಮತ್ತು ೧ ಗಂಟೆ ಮೊದಲು ಮೂರು ಸಲ ಕೊಡುತ್ತಾರೆ. ರಕ್ಷಣೆ ಪೂರ್ಣವಲ್ಲ, ಮಧುಮೇಹಿಗಳಿಗೆ ಸಕ್ಕರೆಯೂ ಏರಬಹುದು. ಮೂತ್ರಪಿಂಡ ಬಹಳ ಸೊರಗಿದ್ದರೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಕೆಲವು ದಿನ ತಡೆಯುವುದೂ ಉಂಟು.

ಪೆಟ್ ಸ್ಕ್ಯಾನಿನಲ್ಲಿ ಮೂರೂ ಒಂದನ್ನೊಂದು ಸಂಧಿಸುತ್ತವೆ. ಅಲ್ಲಿ ಸಾಮಾನ್ಯವಾಗಿ ಕೊಡುವುದು ಸಕ್ಕರೆಯನ್ನು ಹೋಲುವ ವಿಕಿರಣ ದ್ರವ್ಯ. ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಚಿತ್ರ ಮಸುಕಾದೀತೆಂದು ೪ರಿಂದ ೬ ಗಂಟೆ ಉಪವಾಸವಿರಿಸುತ್ತಾರೆ. ಸ್ಟೆರಾಯ್ಡ್ ಸಕ್ಕರೆಯನ್ನೇರಿಸುತ್ತದೆ, ಗುಳಿಗೆಗೋ ಊಟ ಬೇಕು. ಹಾಗೆಂದು ಆ ದಿನದ ಗುಳಿಗೆಯನ್ನು ತಾವೇ ಬಿಡಬಾರದು. ದಿನ ಗೊತ್ತುಮಾಡುವಾಗಲೇ ವೈದ್ಯರನ್ನು ಕೇಳಬೇಕು.

ನಮಗೆ ಹೆಚ್ಚಿನ ಕಳವಳವಿರುವುದು ಹೆಸರಿಲ್ಲದ ಪುಡಿಗಳಲ್ಲಿ. ಗಂಟುನೋವಿಗೆಂದು ಪೊಟ್ಟಣ ಕಟ್ಟಿ ಮಾರುವ ಕೆಲವು ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿದ್ದು ನಮ್ಮ ದೇಶದಲ್ಲಿ ಪರೀಕ್ಷೆಗಳಿಂದ ಕಂಡುಬಂದಿದೆ. ಎರಡೇ ದಿನದಲ್ಲಿ ನೋವು ಮಾಯ. ತಿಂಗಳುಗಳಲ್ಲಿ ಮುಖ ಊದುತ್ತದೆ. “ಸ್ಟೆರಾಯ್ಡ್ ತೆಗೆದುಕೊಳ್ಳುತ್ತೀರಾ?” ಎಂದು ಕೇಳಿದರೆ ಅಜ್ಜಿ “ಇಲ್ಲ” ಎನ್ನುತ್ತಾರೆ, ಅವರ ಮಟ್ಟಿಗೆ ಅದು ಸತ್ಯವೇ. ಆಸ್ಪತ್ರೆಗೆ ಹೊರಡುವಾಗ ಮನೆಯ ಕಿರಿಯರು ಗುಳಿಗೆಗಳೊಡನೆ ಆ ಪುಡಿಯ ಪೊಟ್ಟಣವನ್ನೂ ಕಷಾಯದ ಸಾಮಾನನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಲಿ.