ಚಂದ್ರನ ಮೇಲೆ ಪ್ರಜ್ಞಾನ್ ಎಷ್ಟು ತೂಗುತ್ತದೆ?

ಮಕ್ಕಳೇ, 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ಮೇಲೆ ಇಳಿಯಿತಲ್ಲ, ಅದರೊಳಗೆ ಪ್ರಜ್ಞಾನ್ ಎಂಬ ಆರು ಚಕ್ರದ ಪುಟ್ಟ ಬಂಡಿ ಕೂತಿತ್ತು. ಭೂಮಿಯ ಮೇಲೆ ಅದರ ತೂಕ 26 ಕೆ.ಜಿ. ಚಂದ್ರನ ನೆಲದಲ್ಲಿ? ನಾಲ್ಕು ಕೆ.ಜಿ.ಗಿಂತ ತುಸು ಹೆಚ್ಚು, ಅಷ್ಟೆ. ದಾರಿಯಲ್ಲಿ ಅದರ ಒಂದು ಮೊಳೆಯೂ ಉದುರಿರಲಿಲ್ಲ!

ಭೂಮಿಯಾಗಲಿ ಚಂದ್ರನಾಗಲಿ ಒಂದು ವಸ್ತುವನ್ನು ತನ್ನತ್ತ ಎಷ್ಟು ಬಲವಾಗಿ ಎಳೆಯುತ್ತದೋ ಅದೇ ಆ ವಸ್ತುವಿನ ತೂಕ. ಚಂದ್ರನ ಸೆಳೆತ ಭೂಮಿಯದರ ಆರನೇ ಒಂದು ಪಾಲು. ಬಂಡಿಯೊಳಗಿನ ಲೋಹ, ತಂತಿ, ಕ್ಯಾಮೆರಾ ಎಲ್ಲ ಸೇರಿದ ಸರಕು ಮಾತ್ರ ಎಲ್ಲಿಗೆ ಹೋದರೂ ಅಷ್ಟೇ ಇರುತ್ತದೆ. ಅದು ದ್ರವ್ಯರಾಶಿ.

ಸಂತೆಯ ಎರಡು ತಟ್ಟೆಯ ತಕ್ಕಡಿಯನ್ನು ಚಂದ್ರನಿಗೆ ಒಯ್ದೆವು ಅನ್ನಿ. ಒಂದು ತಟ್ಟೆಯಲ್ಲಿ ಒಂದು ಕೆ.ಜಿ. ಬಟ್ಟು, ಇನ್ನೊಂದರಲ್ಲಿ ಒಂದು ಕೆ.ಜಿ. ಬೆಲ್ಲ. ತಕ್ಕಡಿ ಅಲ್ಲೂ ಸಮನಾಗಿಯೇ ನಿಲ್ಲುತ್ತದೆ, ಬಟ್ಟೂ ಬೆಲ್ಲವೂ ಒಂದೇ ಪ್ರಮಾಣದಲ್ಲಿ ಹಗುರಾಗಿರುತ್ತವಲ್ಲ! ಅದೇ ಬೆಲ್ಲವನ್ನು ಸ್ಪ್ರಿಂಗ್ ತಕ್ಕಡಿಗೆ ತೂಗುಹಾಕಿದರೆ ಮುಳ್ಳು 165 ಗ್ರಾಂ ಹತ್ತಿರವೇ ನಿಂತುಬಿಡುತ್ತದೆ. ಮೊದಲನೆಯದು ಅಳೆದದ್ದು ದ್ರವ್ಯರಾಶಿಯನ್ನು, ಎರಡನೆಯದು ಸೆಳೆತವನ್ನು.

ತೂಕ ಇಳಿದರೆ ಎಲ್ಲವೂ ಸಲೀಸು ಅಂದುಕೊಳ್ಳಬೇಡಿ. ಚಂದ್ರನ ಮೇಲೆ ಓಡಾಡಿದ ಅಪೋಲೋ ಯಾತ್ರಿಗಳು ನಿಲ್ಲಬೇಕೆಂದರೆ ಎರಡು ಮೂರು ಹೆಜ್ಜೆ ಮೊದಲೇ ಸಿದ್ಧರಾಗಬೇಕಿತ್ತು. ಮೈ ಹಗುರಾಗಿತ್ತು, ದ್ರವ್ಯರಾಶಿ ಕಡಿಮೆಯಾಗಿರಲಿಲ್ಲ.

ನನಗೆ ತುಂಬ ಇಷ್ಟವಾದ ಲೆಕ್ಕ ಶನಿ ಗ್ರಹದ್ದು. ಅದರ ದ್ರವ್ಯರಾಶಿ ಭೂಮಿಯ 95 ಪಟ್ಟು. ಹಾಗಾದರೆ ಅಲ್ಲಿ ನಿಮ್ಮ ತೂಕವೂ 95 ಪಟ್ಟು ಆಗಬೇಕಲ್ಲ? ಆಗುವುದಿಲ್ಲ. 30 ಕೆ.ಜಿ. ಇರುವ ಹುಡುಗಿ ಶನಿಯ ಮೋಡಗಳ ಮಟ್ಟದಲ್ಲಿ ತೂಗುವುದು ಸುಮಾರು 32 ಕೆ.ಜಿ. ಮಾತ್ರ. ಶನಿ ಊದಿಕೊಂಡ ಅನಿಲದ ಗ್ರಹ, ಕಾಲೂರಲು ಗಟ್ಟಿ ನೆಲವೇ ಇಲ್ಲ. ಅದರ ಹೊರಮೈ ಕೇಂದ್ರದಿಂದ ಬಹಳ ದೂರ, ನಮ್ಮ ಭೂಮಿಯದಕ್ಕಿಂತ ಸುಮಾರು 9.4 ಪಟ್ಟು. ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕನೇ ಒಂದಕ್ಕೆ ಇಳಿಯುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದಕ್ಕೆ. 9.4ನ್ನು 9.4ರಿಂದಲೇ ಗುಣಿಸಿ, 88 ಬರುತ್ತದೆ. 95ನ್ನು 88ರಿಂದ ಭಾಗಿಸಿದರೆ ಒಂದಕ್ಕಿಂತ ಚೂರೇ ಚೂರು ಹೆಚ್ಚು.

ಗುರುವಿನ ಲೆಕ್ಕ ನಿಮಗೇ ಬಿಟ್ಟಿದ್ದೇನೆ. ದ್ರವ್ಯರಾಶಿ ಭೂಮಿಯ 318 ಪಟ್ಟು, ದೂರ 11 ಪಟ್ಟು. ಉತ್ತರ ಎರಡೂವರೆಯ ಆಸುಪಾಸು ಬಂದರೆ ನೀವು ಮಾಡಿದ್ದು ಸರಿ.