ಕೆರೆಯ ಗಡಿ ಮತ್ತು ಕಡತದ ರೂಪ



ಕೆರೆಯ ಸರಹದ್ದಿನ ನಕ್ಷೆಗೆ ಸಭೆಯಲ್ಲಿ ಅನುಮೋದನೆ ನೀಡುವ ಮುನ್ನ ಅದು ಎಷ್ಟು ಕೈ ದಾಟಿ ಬಂದಿದೆಯೆಂದು ತಾವು ವಿಚಾರಿಸುವುದು ಅಗತ್ಯ. ಮೊಬೈಲಿನಲ್ಲಿ ಗುರುತಿಸಿದ ಗಡಿ ಸಾಮಾನ್ಯವಾಗಿ ಕೆಎಂಎಲ್ ಕಡತವಾಗಿರುತ್ತದೆ. ಅದನ್ನು ಕ್ಯೂಜಿಐಎಸ್ ತಂತ್ರಾಂಶದಲ್ಲಿ ಶೇಪ್‌ಫೈಲ್ ಆಗಿ ಪರಿವರ್ತಿಸುತ್ತಾರೆ.

ಶೇಪ್‌ಫೈಲ್ ಹೆಸರಿಗೆ ಒಂದು, ವಾಸ್ತವವಾಗಿ ಹಲವು ಕಡತಗಳ ಕಂತೆ. ಎಸ್‌ಎಚ್‌ಪಿಯಲ್ಲಿ ಆಕೃತಿ, ಡಿಬಿಎಫ್‌ನಲ್ಲಿ ಸರ್ವೆ ನಂಬರಿನಂತಹ ವಿವರ, ಪಿಆರ್‌ಜೆಯಲ್ಲಿ ನಿರ್ದೇಶಾಂಕ ಪದ್ಧತಿ. ಎಸ್‌ಎಚ್‌ಪಿ ಮಾತ್ರ ಬಂದರೆ ಅದು ಪಹಣಿಯಿಲ್ಲದ ಜಮೀನಿನಂತೆ. ಅಂಕಣದ ಹೆಸರಿಗೂ ಅಲ್ಲಿ 10 ಬೈಟಿನ ಮಿತಿ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು ಬೇಕಾಗುವುದರಿಂದ ‘ಒತ್ತುವರಿ’ ಎಂಬ ಪದವೂ ಇಡಿಯಾಗಿ ಉಳಿಯದು.

ಹೆಚ್ಚಿನ ಅಪಾಯ ಪಿಆರ್‌ಜೆಯದು. ಕೆಎಂಎಲ್ ಸದಾ ಡಬ್ಲ್ಯೂಜಿಎಸ್ 84ರ ಅಕ್ಷಾಂಶ, ರೇಖಾಂಶಗಳಲ್ಲಿರುತ್ತದೆ; ವಿಸ್ತೀರ್ಣದ ಅಳತೆಗೆ ಮೀಟರಿನ ಯುಟಿಎಂ ಅನುಕೂಲ. ನಮ್ಮ ರಾಜ್ಯದಲ್ಲಿ 78 ಡಿಗ್ರಿ ರೇಖಾಂಶದ ಪಶ್ಚಿಮಕ್ಕೆ ವಲಯ 43, ಮುಳಬಾಗಿಲಿನಂತಹ ಪೂರ್ವದ ಊರುಗಳಿಗೆ 44. ವಲಯ 43ರ ಅಂಕಿಗಳನ್ನು 44ರವೆಂದು ನಮೂದಿಸಿದರೆ ತುಮಕೂರಿನ ಕೆರೆ ಬಂಗಾಳ ಕೊಲ್ಲಿಯಲ್ಲಿ ಕಾಣಿಸುತ್ತದೆ. ಅಂತಹ ದೋಷ ಯಾರಿಗಾದರೂ ತಿಳಿಯುತ್ತದೆ. ಆದರೆ ಎವರೆಸ್ಟ್ ಮಾನದ ಹಳೆಯ ಭೂಪಟದಿಂದ ತೆಗೆದ ಗಡಿಗೆ, ಅಂಕಿಗಳನ್ನು ಪರಿವರ್ತಿಸದೆ, ಡಬ್ಲ್ಯೂಜಿಎಸ್ ಎಂಬ ಹಣೆಪಟ್ಟಿಯನ್ನಷ್ಟೇ ಅಂಟಿಸಿದರೆ ಗಡಿ ತನ್ನ ಸ್ಥಳದಿಂದ ಸರಿಯುತ್ತದೆ. ಆಗಲೂ ಕೆರೆ ಕೆರೆಯಂತೆಯೇ ಕಾಣುತ್ತದೆ. ಒತ್ತುವರಿದಾರನು ಪಾರಾಗಿ ಪಕ್ಕದ ರೈತನಿಗೆ ನೋಟಿಸು ಹೋಗಬಹುದು.

ಆದುದರಿಂದ ಠರಾವಿಗೆ ಮುನ್ನ ಪರಿವರ್ತಿತ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ತೆರೆಯಿಸಿ, ಏರಿ ಮತ್ತು ಕೋಡಿ ತಾವು ಬಲ್ಲ ಸ್ಥಳದಲ್ಲಿಯೇ ಇವೆಯೇ ನೋಡಿರಿ. ಮೂಲ ಕೆಎಂಎಲ್ ಕಡತದ ಪ್ರತಿಯನ್ನು ಕಚೇರಿಯಲ್ಲಿ ಇರಿಸಿಕೊಳ್ಳಿರಿ.