ಅಂಗೈಯಗಲದ ಒಂದು ಚೂರು ಮತ್ತು ಅದರ ವಯಸ್ಸು
(ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣ)



ಧರ್ಮಗಳ ಬಗ್ಗೆ ವಾದ ಮಾಡುವವರ ಬಾಯಲ್ಲಿ 'ಪಿ52' ಎಂಬ ಹೆಸರನ್ನು ನೀವು ಕೇಳಿರಬಹುದು. ಅದು 8.9 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಪ್ಯಾಪಿರಸ್ ಚೂರು. ಈಗ ಮ್ಯಾಂಚೆಸ್ಟರಿನ ಜಾನ್ ರೈಲಂಡ್ಸ್ ಗ್ರಂಥಾಲಯದಲ್ಲಿದೆ. 1920ರಲ್ಲಿ ಬರ್ನಾರ್ಡ್ ಗ್ರೆನ್‌ಫೆಲ್ ಈಜಿಪ್ಟಿನಲ್ಲಿ ಕೊಂಡ ಹಳೆಯ ಹಾಳೆಗಳ ನಡುವೆ ಇದೂ ಇತ್ತು. ಕಾಲಿನ್ ರಾಬರ್ಟ್ಸ್ ಇದನ್ನು ಗುರುತಿಸಿ 1935ರಲ್ಲಿ ಪ್ರಕಟಿಸಿದರು. ಗ್ರೀಕ್ ಭಾಷೆಯಲ್ಲಿರುವ ಇದು ಯೋಹಾನನ ಸುವಾರ್ತೆಯ 18ನೇ ಅಧ್ಯಾಯದ ಭಾಗ. ನಾವು ಹಝ್ರತ್ ಈಸಾ(ಅ) ಎಂದು ಗೌರವಿಸುವ ಯೇಸುವನ್ನು ರೋಮನ್ ಅಧಿಕಾರಿ ಪಿಲಾತನು ವಿಚಾರಿಸುವ ಸಂದರ್ಭ.

ಮುಂಬದಿಯಲ್ಲಿ 31ರಿಂದ 33ನೇ ವಚನಗಳ ಅಕ್ಷರಗಳಿವೆ, ಹಿಂಬದಿಯಲ್ಲಿ 37 ಮತ್ತು 38ರವು. ಎರಡೂ ಬದಿ ಬರೆದಿರುವುದರಿಂದ ಇದು ಸುರುಳಿಯಲ್ಲ, ಹೊಲಿದ ಪುಸ್ತಕದ ಹಾಳೆ. ನಡುವೆ ಕಳೆದುಹೋದ ಮಾತುಗಳನ್ನು ಎಣಿಸಿ, ಪುಟಕ್ಕೆ ಸುಮಾರು 18 ಸಾಲುಗಳಿದ್ದವೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಎಂಥ ಸೊಗಸಾದ ಲೆಕ್ಕ!

ಆದರೆ ವಾದಿಗಳಿಗೆ ಬೇಕಾದದ್ದು ಇಸವಿ. 'ಕ್ರಿ.ಶ. 125' ಎಂದು ಒಬ್ಬರು ಘಂಟಾಘೋಷವಾಗಿ ಹೇಳುತ್ತಾರೆ. ಇನ್ನೊಬ್ಬರು 'ಬರೀ ಚೂರು' ಎಂದು ತಳ್ಳಿಹಾಕುತ್ತಾರೆ. ಇಬ್ಬರೂ ಅದನ್ನು ಸರಿಯಾಗಿ ನೋಡಿಲ್ಲ. ಚೂರಿನ ಮೇಲೆ ಯಾವ ಇಸವಿಯೂ ಇಲ್ಲ. ಚಕ್ರವರ್ತಿಯ ಆಳ್ವಿಕೆಯ ವರ್ಷ ನಮೂದಾಗಿರುವ ಅರ್ಜಿ, ಕರಾರುಪತ್ರಗಳ ಕೈಬರಹದೊಂದಿಗೆ ಇದನ್ನು ಹೋಲಿಸಿ, ಎರಡನೇ ಶತಮಾನದ ಮೊದಲಾರ್ಧ ಎಂದು ರಾಬರ್ಟ್ಸ್ ಅಂದಾಜು ಮಾಡಿದರು. ಆದರೆ ಒಬ್ಬ ಲಿಪಿಕಾರ ಯೌವನದಲ್ಲಿ ಕಲಿತ ಅಕ್ಷರವನ್ನೇ ಮುಪ್ಪಿನವರೆಗೂ ಬರೆಯಬಹುದಲ್ಲವೇ? 2005ರಲ್ಲಿ ಬ್ರೆಂಟ್ ನಾಂಗ್‌ಬ್ರಿ ಅಂಥ ಬರಹಗಳನ್ನು ಮತ್ತೆ ಹೋಲಿಸಿ, ಎರಡನೇ ಶತಮಾನದ ಕೊನೆ, ಮೂರನೆಯದರ ಆರಂಭವನ್ನೂ ಬಿಟ್ಟುಬಿಡಲಾಗದು ಎಂದರು. 2012ರಲ್ಲಿ ಒರ್ಸಿನಿ ಮತ್ತು ಕ್ಲಾರಿಸ್ 125ರಿಂದ 175ರ ನಡುವೆ ಎಂದರು. ಅಂದರೆ 125 ಎಂಬುದು ಅಂದಾಜಿನ ಒಂದು ಅಂಚು ಮಾತ್ರ.

ಇದೇ ಅಳತೆಗೋಲು ನಮಗೂ ಅನ್ವಯಿಸಬೇಕು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿರುವ ಕುರ್‌ಆನ್ ಹಾಳೆಗಳ ಚರ್ಮಕ್ಕೆ ಇಂಗಾಲದ ಪರೀಕ್ಷೆಯಿಂದ ಕ್ರಿ.ಶ. 568ರಿಂದ 645ರ ಅವಧಿ ಸಿಕ್ಕಿದೆಯೆಂದು 2015ರಲ್ಲಿ ಪ್ರಕಟವಾದಾಗ ನಾವೆಲ್ಲ ಸಂಭ್ರಮಿಸಿದೆವು. ಸಂಭ್ರಮ ತಪ್ಪಲ್ಲ. ಆದರೆ ಆ ಪರೀಕ್ಷೆ ಹೇಳುವುದು ಪ್ರಾಣಿ ಸತ್ತ ಕಾಲವನ್ನು, ಶಾಯಿ ತಾಗಿದ ದಿನವನ್ನಲ್ಲ.

ಪಿ52ರ ಚಿತ್ರವನ್ನು ರೈಲಂಡ್ಸ್ ಗ್ರಂಥಾಲಯ ಅಂತರ್ಜಾಲದಲ್ಲಿ ಇಟ್ಟಿದೆ. ಮುಂದೆ ಯಾರಾದರೂ ನಿಮ್ಮೆದುರು ಅದರ ಇಸವಿ ಹೇಳಿದರೆ, ಅದನ್ನು ಹೇಗೆ ಕಂಡುಕೊಂಡರು ಎಂದು ವಿನಯದಿಂದ ಕೇಳಿ.